ಬಾಯಲ್ಲಿ ಹಿಡಿದ ನಾರು

ಹಂಪಸಾಗರ
4 ಜೂನ್ 2024

ಯಶೋಧಾ,

ಕೊಟ್ಟೂರಿನಲ್ಲಿ ನೀನು ಚೆನ್ನಾಗಿದ್ದೀಯೆಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ನನಗೆ ಕಿವಿ ಇದ್ದಿದ್ದರೆ ಫೋನಿನಲ್ಲಿ ಎರಡು ನಿಮಿಷದ ಮಾತು. ಜ್ವರದಲ್ಲಿ ಕಿವಿ ಹೋಗಿ ಹನ್ನೊಂದು ವರ್ಷವಾಯಿತು, ಇನ್ನೂ ಫೋನ್ ಕಂಡರೆ ಕೈ ಚಾಚುತ್ತೇನೆ.

ಹಿತ್ತಲ ಹೂವಿಗೆ ಹುಳ ಬಿದ್ದಿದೆ. ಮೊದಲು ದಾಸವಾಳದ ಮೊಗ್ಗಿನ ಬುಡದಲ್ಲಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಂಡಿತು. ಒರೆಸಿದರೆ ಬೆರಳಿಗೆ ಅಂಟು, ಅಂಟಿನೊಳಗೆ ಕಾಲಾಡಿಸುವ ಹುಳ. ಈಗ ಮಲ್ಲಿಗೆ ಚಪ್ಪರಕ್ಕೂ ಹತ್ತಿದೆ. ರಸ ಹೀರಿ ಹೀರಿ ಚಿಗುರು ಮುರುಟಿದೆ, ಮೊಗ್ಗು ಅರಳುವ ಮೊದಲೇ ಉದುರುತ್ತದೆ. ನಾನು ಅಂಟವಾಳದ ನೀರಿಗೆ ಬಟ್ಟೆ ಅದ್ದಿ ಒಂದೊಂದೇ ಗೆಣ್ಣು ಒರೆಸುತ್ತೇನೆ. ದಿನಕ್ಕೆ ಎರಡು ಗಿಡ ಆಗುತ್ತದೆ. ಹುಲುಗಮ್ಮ ನಗುತ್ತಾಳೆ. “ಮಕ್ಕಳ ಮೂಗು ಒರಸಿದಂಗ ಒರಸ್ತೀರಲ್ಲ ಅಮ್ಮಾರ! ನೀವು ಈ ತುದಿ ಮುಟ್ಟೂದ್ರಾಗ ಆ ತುದ್ಯಾಗ ಮರಿ ಹಾಕಿರ್ತಾವು” ಅಂತಾಳೆ.

ಹುಲುಗಮ್ಮನನ್ನು ನೀನು ಕಳೆದ ಸಲ ಬಂದಾಗ ನೋಡಿದ್ದೆ. ಮೂರು ಮನೆ ಆಚೆ ಇರುವವಳು. ನಸುಕಿಗೆ ಬಂದು ಮೊಗ್ಗು ಬಿಡಿಸಿ, ನನ್ನ ಕಟ್ಟೆಯ ಮೇಲೆ ಕೂತು ಕಟ್ಟುತ್ತಾಳೆ. ಗಂಡ ಅಂಜಿನೇಯಲು ಟಂಟಂ ಆಟೋ ಓಡಿಸುತ್ತಾನೆ, ಹಗರಿಬೊಮ್ಮನಹಳ್ಳಿಗೆ ಹೋಗುವಾಗ ಬುಟ್ಟಿ ಒಯ್ದು ಬಸ್‌ಸ್ಟ್ಯಾಂಡಿನಲ್ಲಿ ಕೊಡುತ್ತಾನೆ. ಮಗಳು ಭೂಮಿಕಾ ಒಂಬತ್ತನೇ ತರಗತಿ.

ನಿನ್ನ ಅಣ್ಣ ಹೋದ ಮೇಲೆ ನಾನು ಮುಡಿಯುವ ಹೂ ಕಟ್ಟುವುದನ್ನು ಬಿಟ್ಟೆ, ನಿನಗೆ ಗೊತ್ತು. ಮಂಗಳವಾರ, ಶುಕ್ರವಾರ ಅಮ್ಮನ ಗುಡಿಯ ಮಾಲೆ ಮಾತ್ರ. ದೇವರ ಮಾಲೆಗೆ ಎಂಜಲು ಆಗಬಾರದೆಂದು ನಾರನ್ನು ನೀರಿನ ಬಟ್ಟಲಿನಲ್ಲಿ ಅದ್ದುತ್ತೇನೆ. ಹುಲುಗಮ್ಮನಿಗೆ ಆ ಕಟ್ಟಳೆಯಿಲ್ಲ. ಬಾಳೆನಾರನ್ನು ಬಾಯಲ್ಲೇ ಒದ್ದೆ ಮಾಡಿ ಎಳೆಯುತ್ತಾಳೆ, ನಾನು ಒಂದು ಮೊಳ ಮುಗಿಸುವಷ್ಟರಲ್ಲಿ ಎರಡೂವರೆ. ಅವಳ ಮಾತು ನನಗೆ ತಿಳಿಯುವುದು ತುಟಿ ನೋಡಿ. ನಾರು ಬಾಯಲ್ಲಿದ್ದಾಗ ಒಂದಕ್ಷರವೂ ತಿಳಿಯುವುದಿಲ್ಲ. ಆದರೂ ಮಾತಾಡುತ್ತಲೇ ಇರುತ್ತಾಳೆ.

ನೀನು ಓದಿದವಳು. ಹುಳಕ್ಕೆ ಏನಾದರೂ ಔಷಧವಿದೆಯೇ, ಕೇಳಿ ಬರೆ.

ನಾಗಲಿಂಗಮ್ಮ

❦

ಕೊಟ್ಟೂರು
10 ಜೂನ್ 2024

ಅತ್ತಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿದೆ. ಎಂ.ಎ. ಮಾಡಿ, ಇಪ್ಪತ್ತು ವರ್ಷ ಮಕ್ಕಳಿಗೆ ಕವಿತೆ ಪಾಠ ಹೇಳಿದ್ದೇನೆ. ಆದರೂ ಹೂ ಎಂದರೆ ಮನಸ್ಸಿಗೆ ಮೊದಲು ಬರುವ ಚಿತ್ರ ಯಾವ ಪುಸ್ತಕದ್ದೂ ಅಲ್ಲ. ಅಮ್ಮ ಸತ್ತ ವರ್ಷ ನೀವು ನನ್ನನ್ನು ತೊಡೆಗೊರಗಿಸಿಕೊಂಡು ಹೂ ಕಟ್ಟುತ್ತಿದ್ದಿರಿ. ನಿಮ್ಮ ತುಟಿಯ ನಡುವಿನಿಂದ ಒದ್ದೆ ನಾರು ಇಳಿಯುತ್ತಿತ್ತು. ಹೂವಿಗೆ ಬೇಕಾದ ತೇವ ಮನುಷ್ಯರ ಬಾಯಿಂದಲೇ ಬರುತ್ತದೆಂದು ಆಗ ನಂಬಿದ್ದೆ. ಹುಲುಗಮ್ಮ ಅದನ್ನು ಮುಂದುವರಿಸಿದ್ದಾಳೆಂದು ಓದಿ ಸಮಾಧಾನವಾಯಿತು.

ಹುಳದ ವಿಚಾರ. ನಮ್ಮ ಬೀದಿಯ ಗೊಬ್ಬರದಂಗಡಿಯ ಗುರುಮೂರ್ತಿಯನ್ನು ಕೇಳಿದೆ. “ಅದು ಹಿಟ್ಟು ತಿಗಣಿ ರೀ ಮೇಡಂ. ಮೈಮ್ಯಾಲೆ ಮೇಣ ಇರ್ತೈತಿ, ನಿಮ್ಮ ಸೋಪಿನ ನೀರಿಗೆಲ್ಲ ಬಗ್ಗಂಗಿಲ್ಲ. ಗಿಡದ ರಸದಾಗ ಎಣ್ಣಿ ಇಳೀಬೇಕು. ರಸ ಹೀರಿದ್ದು ಅಲ್ಲೇ ಸಾಯ್ಬೇಕು” ಎಂದ. ಕೀಟನಾಶಕಕ್ಕೆ ನಮ್ಮ ಕಡೆಯವರೆಲ್ಲ ಎಣ್ಣೆ ಅನ್ನುತ್ತಾರಲ್ಲ, ಅವನೂ ಹಾಗೇ. ಅಪಾಯವಿಲ್ಲವೇ ಎಂದೆ. “ತಿನ್ನೋ ಬೆಳಿ ಅಲ್ಲಲ್ರಿ, ಹೂವು. ಹೂವ ಯಾರ ತಿಂತಾರ?” ಎಂದು ನಕ್ಕ. ಅದೂ ಸರಿಯೇ.

ಒಂದು ಟಾನಿಕ್ ಬಾಟಲಿಯಲ್ಲಿ ಹಾಕಿಸಿದ್ದೇನೆ. ನಮ್ಮ ಕಾಲೇಜಿನ ಜವಾನರು ಶನಿವಾರ ಆ ಕಡೆ ಬರುತ್ತಾರೆ, ತಂದುಕೊಡುತ್ತಾರೆ. ಒಂದು ಕೊಡ ನೀರಿಗೆ ಎರಡು ಮುಚ್ಚಳ. ಸಂಜೆ ಬಿಸಿಲಿಳಿದ ಮೇಲೆ ಹೊಡೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈ ಸೋಪಿನಿಂದ ತೊಳೆಯಿರಿ. ಒಂದೊಂದೇ ಗೆಣ್ಣು ಒರೆಸುತ್ತ ಕೂರಬೇಡಿ. ನಿಮ್ಮ ಮಂಡಿನೋವಿಗೆ ಅದು ಆಗದ ಕೆಲಸ.

ನಿಮ್ಮ ಯಶೋಧಾ

❦

ಹಂಪಸಾಗರ
3 ಜುಲೈ 2024

ಯಶೋಧಾ,

ಔಷಧ ಒಳ್ಳೇದೇ. ಮೂರನೇ ದಿನಕ್ಕೆ ಹಿಟ್ಟು ಕಪ್ಪಾಗಿ ಉದುರಿತು. ಇರುವೆ ಸಾಲು ಮಾಯ. ದಾಸವಾಳ ಚಿಗುರಿದೆ. ಜೇನುಹುಳವೂ ಬರುತ್ತಿಲ್ಲ, ಅದೊಂದು ಬೇಸರ. ಮೊನ್ನೆ ಚಪ್ಪರದ ಕೆಳಗೆ ಹೂವಕ್ಕಿಯೊಂದು ಸತ್ತು ಬಿದ್ದಿತ್ತು. ಹೆಬ್ಬೆರಳಷ್ಟು. ಬೆಕ್ಕಾಗಿದ್ದರೆ ತಿನ್ನುತ್ತಿತ್ತು. ಇದು ಹಾಗೇ ಬಿದ್ದಿತ್ತು.

ಹದಿನೈದು ದಿನ ಕಳೆದ ಮೇಲೆ ಚಪ್ಪರದ ಮೇಲುಗಡೆ ಮತ್ತೆ ಬೆಳ್ಳಗೆ ಕಾಣುತ್ತಿದೆ. ಏನು ಮಾಡಲಿ?

ಹುಲುಗಮ್ಮನಿಗೆ ತಲೆನೋವಂತೆ. ಕಣ್ಣು ಮಂಜಂತೆ. ಕಟ್ಟುವಾಗ ಬಾಯಲ್ಲಿ ನೀರೂರಿ ಸೆರಗೆಲ್ಲ ಒದ್ದೆ ಮಾಡಿಕೊಳ್ಳುತ್ತಾಳೆ. “ಬಸರಿ ಗಿಸರಿ ಆದೇನಲೇ?” ಎಂದು ಕೇಳಿದೆ. ನಾರನ್ನು ಬಾಯಿಂದ ತೆಗೆದು, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದಳು: “ಮಗಳು ದೊಡ್ಡಾಕಿ ಆಗ್ಯಾಳ್ರಿ ಅಮ್ಮಾರ, ಈಗ ನಾ ಬಸರಿ ಆದ್ರ ಆಕಿ ಸಾಲಿ ಬಿಟ್ಟು ಓಡಿ ಹೊಕ್ಕಾಳ!” ಇಬ್ಬರೂ ನಕ್ಕೆವು.

ನಾನು ಚೆನ್ನಾಗಿದ್ದೇನೆ.

ನಾಗಲಿಂಗಮ್ಮ

❦

ಕೊಟ್ಟೂರು
9 ಜುಲೈ 2024

ಅತ್ತಿಗೆ,

ಗುರುಮೂರ್ತಿಯ ಪ್ರಕಾರ ಮೊಟ್ಟೆಗಳು ಉಳಿದಿರುತ್ತವೆ. ಮೂರು ಮುಚ್ಚಳ ಹಾಕಿ, ವಾರಕ್ಕೊಮ್ಮೆ ಹೊಡೆಯಬೇಕಂತೆ. ಜೇನುಹುಳ ಮಳೆ ನಿಂತ ಮೇಲೆ ಬಂದೇ ಬರುತ್ತವೆ. ಒಂದು ಹಕ್ಕಿ ಸಾಯುವುದಕ್ಕೆ ಸಾವಿರ ಕಾರಣ. ನೀವು ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ.

ಹುಲುಗಮ್ಮನಿಗೆ ನಲವತ್ತರ ಹತ್ತಿರವಲ್ಲವೇ? ಅದು ಚಾಳೀಸು. ನನಗೂ ಆ ವಯಸ್ಸಿನಲ್ಲಿ ಹೀಗೇ ಶುರುವಾಯಿತು, ತಲೆನೋವು, ಮಂಜು, ಅಕ್ಷರ ಕದಡುವುದು. ನನ್ನ ಹಳೆಯ ಕನ್ನಡಕವನ್ನು ಇದರೊಂದಿಗೆ ಕಳಿಸಿದ್ದೇನೆ, ಗಾಜಿಗೆ ಗೀರು ಬಿದ್ದಿಲ್ಲ. ಅವಳು ಹಾಕಿಕೊಳ್ಳಲಿ. ಕನ್ನಡಕ ಹಾಕಿಕೊಂಡು ಹೂ ಕಟ್ಟುವ ಹುಲುಗಮ್ಮನನ್ನು ನೆನೆದು ನಗು ಬಂತು.

ನಿಮ್ಮ ಯಶೋಧಾ

❦

ಹಂಪಸಾಗರ
25 ಆಗಸ್ಟ್ 2024

ಯಶೋಧಾ,

ಹುಲುಗಮ್ಮ ತೀರಿಕೊಂಡಳು. ಹದಿನೈದನೇ ತಾರೀಖು, ಗುರುವಾರ. ಮರುದಿನ ವರಮಹಾಲಕ್ಷ್ಮಿ ಹಬ್ಬವೆಂದು ನಸುಕಿನಿಂದ ಕಟ್ಟುತ್ತಿದ್ದಳು. ನಾನು ಒಳಗಿದ್ದೆ. ಹೊರಗೆ ಬಂದಾಗ ಹೂವಿನ ಮೇಲೆ ಬಿದ್ದಿದ್ದಳು. ಬಾಯಿಂದ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಟಂಟಂನಲ್ಲಿ ಹಾಕಿಕೊಂಡು ಹೋದರು. ದೊಡ್ಡ ದವಾಖಾನೆಗೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಎಣ್ಣೆ ಕುಡಿದಾಳೆ ಅಂದರು. ಠಾಣೆಯವರೂ ಹಾಗೇ ಬರೆದುಕೊಂಡರು, ಮನನೊಂದು ವಿಷ ಸೇವನೆ ಎಂದು.

ಹಿಂದಿನ ಸಂಜೆ ತಾಯಿ ಮಗಳಿಗೆ ಜಗಳವಾಗಿತ್ತಂತೆ. ಮರುದಿನ ಬೆಳಿಗ್ಗೆ ಧ್ವಜ ಹಾರಿಸಲು ಶಾಲೆಗೆ ಹೋಗುವಾಗ ಮುಡಿಯಲೆಂದು ತಾಯಿ ಉದ್ದನೆಯ ಮಲ್ಲಿಗೆ ದಂಡೆ ಕೊಟ್ಟಳು. ಹುಡುಗಿ ಅದನ್ನು ಎಸೆದಳು. “ಇದ ಮುಡಕೊಂಡು ಹೋದ್ರ ಹೂವ ಮಾರಾಕಿ ಮಗಳು ಬಂದ್ಲು ಅಂತಾರ. ನಿನ್ನ ಹೂವೂ ಬ್ಯಾಡ, ನೀನೂ ಬ್ಯಾಡ” ಅಂದಳಂತೆ. ಓಣಿಯೆಲ್ಲ ಕೇಳಿದೆ, ನನ್ನೊಬ್ಬಳನ್ನು ಬಿಟ್ಟು.

ನಿನ್ನ ಕನ್ನಡಕವನ್ನು ಅವಳು ಒಂದೇ ದಿನ ಹಾಕಿಕೊಂಡಳು. “ಇದರಾಗೂ ಮಂಜಾ ಐತ್ರಿ” ಅಂದು ತೆಗೆದಿಟ್ಟಳು. ನನ್ನ ಬಳಿ ಇದೆ.

ನಾಗಲಿಂಗಮ್ಮ

❦

ಕೊಟ್ಟೂರು
2 ಸೆಪ್ಟೆಂಬರ್ 2024

ಅತ್ತಿಗೆ,

ನಗುತ್ತಿದ್ದ ಹೆಂಗಸೊಬ್ಬಳು ಒಳಗೆ ಎಷ್ಟು ಹೊತ್ತುಕೊಂಡಿದ್ದಳೋ. ಮಗಳ ಒಂದು ಮಾತು ನೆಪವಷ್ಟೇ, ಅದರ ಹಿಂದೆ ಎಷ್ಟು ವರ್ಷಗಳ ದಣಿವಿತ್ತೋ ಯಾರಿಗೆ ಗೊತ್ತು. ನಮ್ಮ ಹೆಂಗಸರು ಹೇಳದೆ ಹೋಗುತ್ತಾರೆ. ಭೂಮಿಕಾಗೆ ಬೈಯಬೇಡಿರೆಂದು ಓಣಿಯವರಿಗೆ ಹೇಳಿ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಕಳಿಸಿದ ಬಾಟಲಿ ಎಲ್ಲಿದೆ? ಅವಳ ಕೈಗೆ ಸಿಗುವಂತಿತ್ತೇ? ಇದ್ದರೆ ಅದನ್ನು ದೂರ ಹೊಲದಲ್ಲಿ ಹೂತುಬಿಡಿ. ಯಾರಿಗೂ ತೋರಿಸಬೇಡಿ. ಎಲ್ಲಿಂದ ಬಂತೆಂದು ಕೇಳಿದರೆ ಹಳೆಯದು ಎನ್ನಿ.

ಯಶೋಧಾ

❦

ಹಂಪಸಾಗರ
22 ಸೆಪ್ಟೆಂಬರ್ 2024

ಯಶೋಧಾ,

ಬಾಟಲಿ ನನ್ನ ಪೆಟ್ಟಿಗೆಯಲ್ಲಿದೆ. ಮೊದಲಿನಿಂದಲೂ ಅಲ್ಲೇ. ಕೀಲಿ ನನ್ನ ಸೊಂಟದಲ್ಲಿ. ಎಷ್ಟು ಮುಚ್ಚಳ ತೆಗೆದೆನೆಂದು ನನಗೆ ಲೆಕ್ಕ ಗೊತ್ತು. ಅವಳು ಅದನ್ನು ಮುಟ್ಟಿಲ್ಲ. ಹೂಳುವುದಿಲ್ಲ. ಯಾಕೆಂದು ಕೇಳಬೇಡ.

ಹುಲುಗಮ್ಮನ ಅಣ್ಣಂದಿರು ಬಂದು ಅಂಜಿನೇಯಲುವಿನ ಕೊರಳಪಟ್ಟಿ ಹಿಡಿದರು. “ಮನ್ಯಾಗ ಎಣ್ಣಿ ತಂದಿಟ್ಟಾಂವ ನೀನ. ಕುಡಿ ಅಂದಾಂವನೂ ನೀನ” ಅಂದರು. ಅವನು ಅವತ್ತಿನಿಂದ ಗಾಡಿ ತೆಗೆದಿಲ್ಲ. ಟಂಟಂ ಮನೆ ಮುಂದೆ ನಿಂತಿದೆ.

ಭೂಮಿಕಾ ಶಾಲೆಗೆ ಹೋಗುತ್ತಿಲ್ಲ. ಅನ್ನದ ತಟ್ಟೆ ಮುಂದಿಟ್ಟರೆ ಒಂದೇ ಮಾತು. ಅವಳ ತುಟಿಯನ್ನು ಅಷ್ಟು ಸಲ ನೋಡಿದ್ದೇನೆ, ಕಣ್ಣು ಮುಚ್ಚಿದರೂ ಕಾಣುತ್ತದೆ. “ನಾನ ಕೊಂದೆ.” ಕಳೆದ ವಾರ ಅವಳಪ್ಪ ಅವಳನ್ನು ಬಾವಿಕಟ್ಟೆಯಿಂದ ಎಳೆದು ತಂದ.

ನಾಗಲಿಂಗಮ್ಮ

❦

ಕೊಟ್ಟೂರು
6 ಅಕ್ಟೋಬರ್ 2024

ಅತ್ತಿಗೆ,

ನವರಾತ್ರಿಗೆಂದು ಕಾಲೇಜಿನ ಹುಡುಗಿಯರು ಕಾರಿಡಾರಿನಲ್ಲಿ ಕೂತು ಹೂ ಕಟ್ಟುತ್ತಿದ್ದರು. ಒಬ್ಬಳು ನನ್ನನ್ನು ನೋಡಿ ನಕ್ಕಳು, ಅವಳ ಹಲ್ಲಿನ ನಡುವೆ ನಾರಿತ್ತು. ನಾನು ಕ್ಲಾಸು ಬಿಟ್ಟು ಮನೆಗೆ ಬಂದೆ.

ಒಂದೇ ಪ್ರಶ್ನೆ. ಹುಲುಗಮ್ಮ ನಾರನ್ನು ಎಲ್ಲಿ ಒಣಗಲು ಹಾಕುತ್ತಿದ್ದಳು?

ಯಶೋಧಾ

❦

ಕೊಟ್ಟೂರು
27 ಅಕ್ಟೋಬರ್ 2024

ಅತ್ತಿಗೆ,

ಮೂರು ವಾರವಾಯಿತು, ನೀವು ಬರೆಯಲಿಲ್ಲ. ಹಾಗಾದರೆ ನನ್ನದನ್ನು ನಾನು ಮೊದಲು ಹೇಳುತ್ತೇನೆ.

ಗುರುಮೂರ್ತಿ ಆ ಔಷಧವನ್ನು ಐದು ಲೀಟರಿನ ಕ್ಯಾನಿನಿಂದ ಬಗ್ಗಿಸಿಕೊಟ್ಟ. ಕ್ಯಾನಿನ ಮೇಲೆ ಕೆಂಪು ಗುರುತಿತ್ತು, ತಲೆಬುರುಡೆಯ ಚಿತ್ರವಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಬಹಳಷ್ಟು ಬರೆದಿತ್ತು. ನನ್ನ ಕನ್ನಡಕ ಮೇಜಿನ ಮೇಲೆ ಮರೆತು ಬಂದಿದ್ದೆ. ಓದಿ ಹೇಳೆನ್ನಲು ಸಂಕೋಚವಾಯಿತು, ಓದಿದವಳಲ್ಲವೇ ನಾನು. ಟಾನಿಕ್ ಬಾಟಲಿಯ ಮೇಲೆ ಏನೂ ಬರೆಯಲಿಲ್ಲ. ನಿಮಗೆ ಕ್ಯಾನಿನ ಗುರುತಿನ ಬಗ್ಗೆ ಹೇಳಲಿಲ್ಲ, ಹೇಳಿದರೆ ನೀವು ಹೊಡೆಯುತ್ತಿರಲಿಲ್ಲ. ನಿನ್ನೆ ಅಂಗಡಿಗೆ ಹೋಗಿ ಕನ್ನಡಕ ಹಾಕಿಕೊಂಡು ಓದಿದೆ. ಬಾಯಿಗೆ, ಚರ್ಮಕ್ಕೆ ತಾಗಬಾರದು. ತಾಗಿದರೆ ಕಣ್ಣು ಮಂಜಾಗುವುದು, ಜೊಲ್ಲು ಸುರಿಯುವುದು, ಬೆವರು, ತಲೆನೋವು. ನೀವು ಜುಲೈನಲ್ಲಿ ಬರೆದ ಒಂದೊಂದೂ ಅಲ್ಲಿತ್ತು. ಅದಕ್ಕೆ ನಾನು ಕನ್ನಡಕ ಕಳಿಸಿದೆ.

ಹೂವನ್ನು ಯಾರು ತಿನ್ನುತ್ತಾರೆ ಎಂದು ಅವನು ನಕ್ಕಾಗ ನಾನೂ ನಕ್ಕಿದ್ದೆ. ಅದೇ ದಿನ, ಅದೇ ಕಾಗದದ ಮೇಲ್ಭಾಗದಲ್ಲಿ, ತುಟಿಯಿಂದ ಇಳಿಯುವ ಒದ್ದೆ ನಾರಿನ ಬಗ್ಗೆ ಚಂದ ಮಾಡಿ ಬರೆದಿದ್ದೆ. ಎರಡರ ನಡುವೆ ಹತ್ತು ಹನ್ನೆರಡು ಸಾಲಿನ ದೂರವೂ ಇರಲಿಲ್ಲ.

ಬೈದಾದರೂ ಬರೆಯಿರಿ.

ಯಶೋಧಾ

❦

ಹಂಪಸಾಗರ
12 ನವೆಂಬರ್ 2024

ಯಶೋಧಾ,

ಚಪ್ಪರದ ಕಂಬಕ್ಕೆ.

ನೀನು ಕೇಳಿದ್ದಕ್ಕೆ ಉತ್ತರ ಅದು. ಹಬ್ಬಕ್ಕೆ ಹೆಚ್ಚು ಬೇಕೆಂದು ಹೊಸ ನಾರು ಸೀಳಿ ಚಪ್ಪರದ ಕಂಬಕ್ಕೆ ನೇತುಹಾಕಿದ್ದಳು. ಹದಿನಾಲ್ಕರ ಸಂಜೆ ನಾನು ಮೂರು ಮುಚ್ಚಳ ಹಾಕಿ ಹೊಡೆದೆ. ನಾರು ಕಂಡಿತ್ತು. ಒಂದು ಕೈಯಿಂದ ಸರಿಸಿದೆ, ತೆಗೆಯಲಿಲ್ಲ. ತೊಟ್ಟಿಕ್ಕುವಷ್ಟು ತೊಯ್ದಿತ್ತು. ಬೆಳಗಿನೊಳಗೆ ಆರುತ್ತದೆ ಅಂದುಕೊಂಡೆ. ನನ್ನ ಮಾಲೆಗೆ ನಾರು ಬೇರೆ, ಒಳಗೆ ಡಬ್ಬಿಯಲ್ಲಿರುತ್ತದೆ. ದೇವರ ನಾರೆಂದು ಜೋಪಾನ. ಎಂಜಲಾಗಬಾರದೆಂಬ ಕಟ್ಟಳೆ ನನ್ನನ್ನು ಉಳಿಸಿತು. ಅವಳನ್ನು ಉಳಿಸುವ ಕಟ್ಟಳೆ ಯಾರೂ ಮಾಡಿರಲಿಲ್ಲ.

ಇನ್ನೊಂದಿದೆ. ಗೋಡೆಯಾಚೆಯ ಹಂಪಕ್ಕ ಹೇಳಿದಳು, ಅವತ್ತು ಹುಲುಗಮ್ಮ “ಅಮ್ಮಾರ, ಅಮ್ಮಾರ” ಎಂದು ಬಹಳ ಹೊತ್ತು ಕೂಗಿದಳಂತೆ. ನನಗೆ ಕೇಳಲಿಲ್ಲ. ನಾವಿಬ್ಬರೂ ಏನೋ ಮಾತಾಡುತ್ತಿದ್ದೇವೆಂದುಕೊಂಡು ಹಂಪಕ್ಕ ತನ್ನ ಕೆಲಸ ನೋಡಿಕೊಂಡಳಂತೆ. ನಾನು ಒಳಗೆ ಬಾಗಿಲಿಗೆ ಬೆನ್ನು ಹಾಕಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ.

ನಿನ್ನ ಜೂನ್ ತಿಂಗಳ ಕಾಗದ ಇದರೊಳಗಿದೆ. ಅದನ್ನು ಸುಡಲು ಎರಡು ಸಲ ಒಲೆ ಮುಂದೆ ಕೂತೆ. ನಿನ್ನ ನೌಕರಿ ಹೋದೀತು, ನಿನ್ನನ್ನು ಠಾಣೆಗೆ ಕರೆದಾರು ಎಂಬ ಭಯ. ತೊಡೆಯ ಮೇಲೆ ಬೆಳೆದವಳು ನೀನು. ನನ್ನ ಭಯವೂ ಇತ್ತು, ಸುಳ್ಳು ಯಾಕೆ. ಹುಡುಗಿ ಬಾವಿಕಟ್ಟೆಯಿಂದ ಬಂದ ದಿನ ಬಾಯಿ ತೆರೆದೆ, ಹೇಳಲಾಗಲಿಲ್ಲ. ಈಗ ಕಾಗದ ನಿನ್ನ ಕೈಯಲ್ಲಿದೆ. ಬಾಟಲಿ ನನ್ನ ಬಳಿ. ನೀನು ಬೇಡ ಅಂದರೆ ನಾನೊಬ್ಬಳೇ ಹೋಗಿ ಹೇಳುತ್ತೇನೆ, ಆದರೆ ಕಿವುಡಿಯ ಮಾತು ಅಂತಾರೆ.

ಬಿದ್ದಾಗ ಅವಳ ಕೈಯಲ್ಲಿ ಅರ್ಧ ಕಟ್ಟಿದ ದಂಡೆ ಇತ್ತು. ಮಾರುವುದಲ್ಲ, ಮಾರುವ ಹೂ ಇನ್ನೂ ಬುಟ್ಟಿಗಳಲ್ಲೇ ಪಕ್ಕಕ್ಕಿತ್ತು. ಗೇಣುದ್ದ, ಬರೀ ಕನಕಾಂಬರ. ಬೆಳಿಗ್ಗೆ ಬಂದವಳೇ ಹೇಳಿದ್ದಳು. “ನನ್ನ ಮಗಳಿಗೆ ಉದ್ದಂದು ನಾಚಿಕಿ ಅಂತ್ರಿ. ಜಡಿ ಸಂದ್ಯಾಗ ಮುಚ್ಚಿಕೊಳ್ಳೂವಷ್ಟು ಸಣ್ಣದು ಕಟ್ತೀನಿ, ನಾಳಿ ಹಬ್ಬಕ್ಕ ಹೆಂಗ ಮುಡಿಯಂಗಿಲ್ಲ ನೋಡ್ತೀನಿ!” ಅದನ್ನು ಹದಿಮೂರನೇ ದಿನ ಭೂಮಿಕಾಳ ಕೈಗೆ ಕೊಟ್ಟೆ. ಯಾಕೆ ಕಟ್ಟುತ್ತಿದ್ದಳೆಂದು ಹೇಳುವ ಧೈರ್ಯವಾಗಲಿಲ್ಲ. ಹುಡುಗಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳಂತೆ.

ನಾಗಲಿಂಗಮ್ಮ

❦

ಕೊಟ್ಟೂರು
16 ನವೆಂಬರ್ 2024

ಭೂಮಿಕಾ,

ನಾನು ನಾಗಲಿಂಗಮ್ಮನವರ ನಾದಿನಿ, ಯಶೋಧಾ. ಒಂದು ತಾಸಿನ ಕೆಳಗೆ ನಿನ್ನ ಅಪ್ಪನಿಗೆ ಫೋನ್ ಮಾಡಿ, ನಿನ್ನ ದಿಂಬಿನ ಕೆಳಗಿನ ದಂಡೆಯನ್ನು ಕೋಲಿನಿಂದ ಎತ್ತಿ ಡಬ್ಬಿಯಲ್ಲಿ ಹಾಕಿಡಲು, ನಿನ್ನ ಕೈ ತೊಳೆಸಲು ಹೇಳಿದೆ. ಯಾಕೆಂದು ಅವರು ಕೇಳಿದರು. ನಾಳೆ ಹೇಳುತ್ತೇನೆಂದೆ. ಅದಕ್ಕಾಗಿ ನೀನು ಅಪ್ಪನ ಮೇಲೆ ಸಿಟ್ಟಾಗಿರುತ್ತೀ. ಸಿಟ್ಟು ನನ್ನ ಮೇಲಿರಲಿ.

ನಾಳೆ ಮೊದಲ ಬಸ್ಸಿಗೆ ಬಂದು ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ಎದುರು ನಿಂತರೆ ನಾನು ಮಾತನ್ನು ಮೆತ್ತಗೆ ಮಾಡಿಬಿಟ್ಟೇನು, ಅದಕ್ಕೆ ಬರೆದಿಟ್ಟಿದ್ದೇನೆ. ಇದರದೇ ಇನ್ನೊಂದು ಪ್ರತಿ ಠಾಣೆಗೆ.

ನಿನ್ನ ಅಮ್ಮ ಎಣ್ಣೆ ಕುಡಿಯಲಿಲ್ಲ. ಹೂವಿನ ಗಿಡದ ಹುಳ ಕೊಲ್ಲಲು ನಾನು ವಿಷ ಕಳಿಸಿದೆ, ಅದು ಎಂಥ ವಿಷವೆಂದು ಓದದೆ. ಅತ್ತಿಗೆ ಅದನ್ನು ನಾನು ಹೇಳಿದ ಹಾಗೆ ಹೊಡೆದರು. ಅದು ಎರಡು ತಿಂಗಳು ಹೂವಿನಿಂದ ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಯಿತು. ಕೊನೆಯ ದಿನ ನಾರೇ ಅದರಲ್ಲಿ ತೊಯ್ದಿತ್ತು. ನಿನ್ನ ಅಮ್ಮ ಆ ನಾರನ್ನು ಬಾಯಲ್ಲಿ ಹಿಡಿದಳು, ದಿನಾ ಹಿಡಿಯುತ್ತಿದ್ದ ಹಾಗೆ. ನಡೆದದ್ದು ಇಷ್ಟೇ. ನಿನ್ನ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ನಿನ್ನ ಅಪ್ಪನಿಗೂ ಸಂಬಂಧವಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಅದು ನಿನ್ನ ಮೇಲೆ ಇನ್ನೊಂದು ಹೊರೆ.

ನಾನು ಬಂದಾಗ ನೀನು ಬಾಗಿಲು ತೆರೆಯದಿದ್ದರೆ, ಇದನ್ನು ಸಂದಿಯಿಂದ ಒಳಗೆ ತಳ್ಳಿ, ಬಾಟಲಿ ತೆಗೆದುಕೊಂಡು ಅತ್ತಿಗೆಯೊಂದಿಗೆ ಠಾಣೆಗೆ ಹೋಗುತ್ತೇನೆ.

ಆ ಗೇಣುದ್ದದ ದಂಡೆ ಯಾರದೆಂದು ನಿನಗೆ ಯಾರೂ ಹೇಳಿಲ್ಲ. ಅದು ನಿನ್ನದು. ಉದ್ದ ದಂಡೆಗೆ ನೀನು ನಾಚುತ್ತೀಯೆಂದು, ಜಡೆಯ ಸಂದಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದನ್ನು, ಬರೀ ಕನಕಾಂಬರದ್ದನ್ನು, ಮರುದಿನದ ಹಬ್ಬಕ್ಕೆ ನಿನಗೆ ಮುಡಿಸಿಯೇ ತೀರುತ್ತೇನೆಂದು ನಗುತ್ತ ಕಟ್ಟುತ್ತಿದ್ದಳು. ಮಾರುವ ಹೂ ಬುಟ್ಟಿಗಟ್ಟಲೆ ಬಾಕಿಯಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಮೊದಲು ನಿನ್ನದಕ್ಕೆ ಕೈ ಹಾಕಿದ್ದಳು. ಸಾಯುವುದಕ್ಕೆ ಅವಳಿಗೆ ಪುರುಸೊತ್ತೇ ಇರಲಿಲ್ಲ, ಭೂಮಿಕಾ.

ಯಶೋಧಾ